ಮಾತಿಲ್ಲದ ಫೋಟೋಗೆ ಮೂಲೆ ಇಲ್ಲ

ನಮ್ಮ ಮನೆಯಲ್ಲಿ ಪ್ರವಾಸದ ಎರಡು ಆಲ್ಬಮ್‌ಗಳಿವೆ. ಒಂದು 1998ರಲ್ಲಿ ಬೆಂಗಳೂರಿನ ಅಂಗಡಿಯೊಂದರಲ್ಲಿ ದುಡ್ಡು ಕೊಟ್ಟು ತಂದದ್ದು. ಮುಖಪುಟದ ಮೇಲೆ ಗುಲಾಬಿ ಹೂವು, ಒಳಗೆ ಅಂಟು ಬಳಿದ ದಪ್ಪ ಹಾಳೆ, ಅದರ ಮೇಲೆ ಹೊಳೆಯುವ ಪ್ಲಾಸ್ಟಿಕ್ ಪರದೆ. ಇನ್ನೊಂದು 1991ರದು. ಅದಕ್ಕೆ ಕೈಯಿಂದ ದುಡ್ಡು ಹೋದದ್ದು ಇಲ್ಲವೆಂದೇ ಹೇಳಬೇಕು. ಹೆಚ್ಚಿನದೆಲ್ಲ ಯಾರೋ ಎಸೆದದ್ದು, ಇಲ್ಲವೇ ಕತ್ತರಿಸಿ ಉಳಿದದ್ದು. ಇವತ್ತಿಗೂ ನಿಶ್ಚಿಂತೆಯಿಂದ ಬಿಚ್ಚಿ ನೋಡಬಹುದಾದದ್ದು ಈ ಎರಡನೆಯದನ್ನೇ. ಗುಲಾಬಿ ಹೂವಿನದನ್ನು ಬಿಚ್ಚಿದರೆ ಚರಚರ ಸದ್ದಾಗುತ್ತದೆ. ತಾಜಮಹಲಿನ ಮುಂದೆ ನಿಂತ ನನ್ನ ತಮ್ಮನ ಮೈಮೇಲೆ ಅಂಟಿನ ಹಳದಿ ಗೆರೆಗಳು ಮೂಡಿವೆ.

ಎಸೆದದ್ದರಿಂದ ಆಲ್ಬಮ್ ಕಟ್ಟಿದವರು ನನ್ನ ಚಿಕ್ಕಪ್ಪ. ಅರಸೀಕೆರೆಯ ಒಂದು ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸ ಮಾಡುತ್ತಿದ್ದರು. ತಮಾಷೆ ಏನೆಂದರೆ ಆ ಪ್ರವಾಸಕ್ಕೆ ಅವರು ಬಂದಿರಲೇ ಇಲ್ಲ. ದಸರಾ ರಜೆಯಲ್ಲಿ ನಾವೆಲ್ಲ ಬಾದಾಮಿ, ಬಿಜಾಪುರ, ಹಂಪಿ ಎಂದು ಹೊರಟಾಗ ಅವರಿಗೆ ಪ್ರೆಸ್ಸಿನಲ್ಲಿ ಕೈ ಬಿಡುವಿರಲಿಲ್ಲ. ದೀಪಾವಳಿಗೆ ಮುಂಚೆ ಅಂಗಡಿಯವರಿಗೆಲ್ಲ ಹೊಸ ಖಾತೆ ಪುಸ್ತಕ ಬೇಕು. ಕೆಂಪು ಕ್ಯಾಲಿಕೋ ಬಟ್ಟೆ ಹೊದಿಸಿದ ಉದ್ದನೆಯ ಆ ಪುಸ್ತಕಗಳನ್ನು ಹೊಲಿಯುವ ಕೆಲಸ ವರ್ಷದಲ್ಲೇ ಅವರಿಗೆ ಹೆಚ್ಚಿನದು. "ನೀವು ಹೋಗ್ಬನ್ನಿ ಅತ್ತಿಗೆ, ನಾನು ಫೋಟೋದಲ್ಲೇ ನೋಡ್ತೀನಿ" ಎಂದು ಅಮ್ಮನಿಗೆ ಹೇಳಿ ಸ್ಟೇಷನ್ನಿನ ತನಕ ಬಂದು ಟ್ರಂಕು ಹತ್ತಿಸಿ ಹೋದರು.

ಕ್ಯಾಮೆರಾ ನಮ್ಮದಲ್ಲ. ಚಿಕ್ಕಪ್ಪನ ಸ್ನೇಹಿತರೊಬ್ಬರ ಸ್ಟುಡಿಯೋ ಇತ್ತು, ಅಲ್ಲಿಂದ ತಂದ ಯಾಶಿಕಾ. ಒಂದು ರೋಲು, 36 ಚಿತ್ರ. ಇನ್ನೊಂದು ರೋಲಿನ ಮಾತೇ ಇಲ್ಲ ಎಂದು ಅಪ್ಪ ಮೊದಲೇ ಹೇಳಿದ್ದರು. ಹಾಗಾಗಿ ಪ್ರತಿ ಚಿತ್ರಕ್ಕೂ ಮನೆಮಂದಿಯ ಚರ್ಚೆ. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಲೇಶ ಬರೆಸಿದ ಶಾಸನವಿದೆ, ಕ್ರಿ.ಶ. 578ರದು, ತೆಗೆಯಲೇಬೇಕು ಎಂದು ಅಪ್ಪ. ಕಲ್ಲು ಎಲ್ಲಿಗೂ ಹೋಗಲ್ಲ, ಮಕ್ಕಳು ಬೆಳೆದುಬಿಡ್ತಾರೆ, ಮಕ್ಕಳದ್ದು ತೆಗೀರಿ ಎಂದು ಅಮ್ಮ. ಕೊನೆಗೆ ಮಕ್ಕಳನ್ನು ಕಲ್ಲಿನ ಮುಂದೆ ನಿಲ್ಲಿಸುವ ರಾಜಿ ಆಗುತ್ತಿತ್ತು. ಈ ದೇಶದ ಮುಕ್ಕಾಲು ಪಾಲು ಪ್ರವಾಸದ ಫೋಟೋಗಳು ಹೀಗೆ ಹುಟ್ಟಿದವು ಅಂತ ಕಾಣುತ್ತದೆ.

ತೆಗೆಯದೆ ಬಿಟ್ಟವು ಎಷ್ಟೋ. ಬಾದಾಮಿಯ ರೈಲ್ವೆ ನಿಲ್ದಾಣ ಊರಿಂದ ದೂರ. ಬೆಳಗಿನ ಜಾವ ಟಾಂಗಾದಲ್ಲಿ ಊರೊಳಗೆ ಬಂದದ್ದರ ಫೋಟೋ ಇಲ್ಲ, ಕತ್ತಲಿತ್ತು. ಬನಶಂಕರಿ ಗುಡಿಯ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರು ಜೋಳದ ರೊಟ್ಟಿ, ಎಣ್ಣೆಗಾಯಿ, ಕೆಂಪು ಚಟ್ನಿ, ಗಟ್ಟಿ ಮೊಸರು ಬಡಿಸಿದ್ದರ ಫೋಟೋ ಇಲ್ಲ. ಊಟ ಮಾಡುವಾಗ ಯಾರಾದರೂ ಫೋಟೋ ತೆಗೆಯುತ್ತಾರೆಯೇ ಎಂಬ ಕಾಲ ಅದು.

ಊರಿಗೆ ಬಂದ ಮೇಲೆ ರೋಲು ಬೆಂಗಳೂರಿನ ಲ್ಯಾಬಿಗೆ ಹೋಯಿತು. ಸ್ಟುಡಿಯೋದಲ್ಲಿ ಕಪ್ಪು ಬಿಳುಪು ಮಾತ್ರ ತೊಳೆಯುತ್ತಿದ್ದರು. ಮೊದಲು ಬಂದದ್ದು ಬರೀ ನೆಗೆಟಿವ್. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಯಾವುದಕ್ಕೆ ಪ್ರಿಂಟ್ ಹಾಕಿಸುವುದೆಂದು ಆರಿಸಬೇಕು. ಎಲ್ಲರಿಗೂ ಕಪ್ಪು ಹಲ್ಲು, ಬಿಳಿ ಕೂದಲು. ಅದರಲ್ಲಿ ಅತ್ತೆ ಯಾರು ಅಮ್ಮ ಯಾರು ಎಂದು ಗುರುತಿಸುವುದೇ ಒಂದು ಆಟ. ನೆಗೆಟಿವ್ ಅಂಚಿನಲ್ಲಿ 21, 21ಎ, 22, 22ಎ ಎಂದು ನಂಬರುಗಳಿರುತ್ತವೆ. ಯಾವ ಚಿತ್ರಕ್ಕೆ ಯಾವ ನಂಬರು ಎಂದು ಲ್ಯಾಬಿನವರಿಗೂ ಗೊಂದಲ, ನಮಗೂ ಗೊಂದಲ. ಅದರಿಂದಾಗಿ ಹೆಚ್ಚುಕಡಿಮೆ ಪೂರ್ತಿ ಕಪ್ಪಾದ ಒಂದು ಫೋಟೋ ನಮ್ಮ ಕೈಗೆ ಬಂತು. ಅದರ ಕಥೆ ಮುಂದೆ ಹೇಳುತ್ತೇನೆ.

ಪ್ರಿಂಟು ಬಂದ ದಿನ ಆಲ್ಬಮ್ ತರೋಣವೆಂದರೆ ಅಪ್ಪ ಲಕೋಟೆಯಲ್ಲೇ ಇಡಿ ಎಂದರು. ಚಿಕ್ಕಪ್ಪ ಒಂದು ವಾರ ಟೈಮ್ ಕೇಳಿದರು.

ಆ ವಾರ ಅವರು ಸಾಮಾನು ಕೂಡಿಹಾಕಿದ ರೀತಿಯನ್ನು ನಾನು ಹಿಂದೆಯೇ ಓಡಾಡಿ ನೋಡಿದ್ದೇನೆ. ಹಾಳೆಗೆ ಅವರು ಹೋದದ್ದು ಸ್ಟುಡಿಯೋಗೆ. ಆಗ ಫೋಟೋ ಕಾಗದದ ಪೊಟ್ಟಣದೊಳಗೆ ಬೆಳಕು ಬೀಳದಂತೆ ಗಟ್ಟಿಯಾದ ಕಪ್ಪು ಕಾಗದ ಸುತ್ತಿರುತ್ತಿದ್ದರು. ಕಾಗದ ಮುಗಿದ ಮೇಲೆ ಆ ಹೊದಿಕೆ ಡಾರ್ಕ್‌ರೂಮಿನ ಮೂಲೆ ಸೇರುತ್ತಿತ್ತು. ಚಿಕ್ಕಪ್ಪ ಅದನ್ನು ತಂದು, ಸ್ವಲ್ಪ ನೀರು ಚಿಮುಕಿಸಿ, ಎರಡು ರಟ್ಟಿನ ನಡುವೆ ಇಟ್ಟು, ಮೇಲೆ ಖಾತೆ ಪುಸ್ತಕಗಳನ್ನು ಹೇರಿ ರಾತ್ರಿಯಿಡೀ ಬಿಟ್ಟರು. ಬೆಳಿಗ್ಗೆ ಹಾಳೆ ನೆಟ್ಟಗಾಗಿತ್ತು, ಮಡಿಕೆಯ ಗೆರೆ ಮಾತ್ರ ಉಳಿದಿತ್ತು. ಈಗಲೂ ಪ್ರತಿ ಪುಟದ ಮೇಲೆ ಅಡ್ಡಡ್ಡ ಆ ಗೆರೆ ಕಾಣುತ್ತದೆ. ಬೆಳಕಿನಿಂದ ಫೋಟೋ ಕಾಗದವನ್ನು ಕಾಯಲೆಂದೇ ತಯಾರಾದ ಹಾಳೆ ಮತ್ತೆ ಫೋಟೋಗಳನ್ನೇ ಕಾಯುವ ಕೆಲಸಕ್ಕೆ ಬಂತು.

ಪುಟಗಳ ನಡುವೆ ಸೀರೆ ಡಬ್ಬಿಯೊಳಗಿನ ತೆಳು ಕಾಗದ. ಫೋಟೋ ಹಿಡಿದಿಡುವ ಮೂಲೆಗಳಿಗೆ ಲಗ್ನಪತ್ರಿಕೆ. ಎಷ್ಟು ಹುಷಾರಾಗಿ ಅಚ್ಚು ಹಾಕಿದರೂ ಒಂದಷ್ಟು ಪತ್ರಿಕೆ ಮಸಿ ಮೆತ್ತಿ ಹಾಳಾಗುತ್ತವೆ, ಅವು ಪ್ರೆಸ್ಸಿನಲ್ಲಿ ರದ್ದಿ. ಅಂಗುಲ ಅಗಲದ ಪಟ್ಟಿ ಕತ್ತರಿಸಿ, ಎರಡು ತುದಿಗಳನ್ನೂ ಕೆಳಗೆ ಮಡಿಚಿದರೆ ತ್ರಿಕೋನವಾಗುತ್ತದೆ. ಬೆನ್ನಿಗೆ ಮಾತ್ರ ಅಂಟು. ಫೋಟೋದ ತುದಿ ಅದರೊಳಗೆ ಸುಮ್ಮನೆ ಕೂರುತ್ತದೆ, ಅಂಟು ಫೋಟೋಗೆ ತಾಗುವುದೇ ಇಲ್ಲ. ಗಣಪತಿಯ ಚಿತ್ರವಿದ್ದ ಭಾಗಕ್ಕೆ ಕತ್ತರಿ ಹಾಕಲು ಅಮ್ಮ ಬಿಡಲಿಲ್ಲ. "ದೇವರನ್ನ ಕತ್ತರಿಸ್ಬೇಡ್ರಪ್ಪ" ಎಂದು ಅವನ್ನೆಲ್ಲ ಆರಿಸಿ ಡಬ್ಬಿಯಲ್ಲಿಟ್ಟರು. ಲಗ್ನಪತ್ರಿಕೆಯ ಗಣಪತಿಯನ್ನು ಏನು ಮಾಡಬೇಕೆಂಬುದು ಕನ್ನಡ ನಾಡಿನ ಎಲ್ಲ ಮನೆಗಳಲ್ಲೂ ಬಗೆಹರಿಯದ ಪ್ರಶ್ನೆ. ಆ ಡಬ್ಬಿಯೂ ಇನ್ನೂ ಇದೆ.

ಅಂಟಿಗೆ ಮೈದಾ. ನೀರಿನಲ್ಲಿ ಕಲಸಿ, ಸಣ್ಣ ಉರಿಯಲ್ಲಿ ಗಂಟಾಗದಂತೆ ತಿರುಗಿಸಿ, ಕೊನೆಗೆ ಚಿಟಿಕೆ ಮೈಲುತುತ್ತ. ಆಗ ಅಂಟಿಗೆ ತಿಳಿ ನೀಲಿ ಬಣ್ಣ ಬರುತ್ತದೆ, ಜಿರಳೆಯೂ ಹುಳುವೂ ಹತ್ತಿರ ಸುಳಿಯುವುದಿಲ್ಲ. ವಿಷವಾದ್ದರಿಂದ ಆ ಪಾತ್ರೆ ಮನೆಯೊಳಗೆ ಬರುವಂತಿರಲಿಲ್ಲ. ಹಳೆಯ ಕಾಗದಪತ್ರ ಕಾಪಾಡುವ ಕೆಲಸದವರು ಇಂದು ಮೈಲುತುತ್ತವನ್ನು ಒಪ್ಪುವುದಿಲ್ಲ. ತಾಮ್ರದ ಅಂಶ ಕಾಗದವನ್ನು ನಿಧಾನವಾಗಿ ಕಂದಿಸುತ್ತದೆ ಎನ್ನುತ್ತಾರೆ, ಅದು ನಿಜವೂ ಹೌದು. ಆದರೆ ಗೋಧಿಯ ಗಂಜಿಯಂಟನ್ನು ಅವರೂ ಬಳಸುತ್ತಾರೆ, ನೀರು ತಾಗಿಸಿದರೆ ಅದು ಮತ್ತೆ ಬಿಟ್ಟುಕೊಳ್ಳುತ್ತದೆ ಎಂಬ ಕಾರಣಕ್ಕೆ. ಬಿಡಿಸಲು ಬರುವ ಅಂಟೇ ಒಳ್ಳೆಯ ಅಂಟು ಎಂದು ಚಿಕ್ಕಪ್ಪನೂ ಹೇಳುತ್ತಿದ್ದರು.

ಕೊರತೆ ಬಿದ್ದದ್ದು ಮೂಲೆಗಳಿಗೆ. ಅಮ್ಮ ಗಣಪತಿಗಳನ್ನು ತೆಗೆದಿಟ್ಟ ಮೇಲೆ ಉಳಿದ ಪತ್ರಿಕೆ ಕಡಿಮೆ, ಒಂದು ಫೋಟೋಗೆ ನಾಲ್ಕು ಮೂಲೆ ಬೇಕು. ಇದ್ದ ಫೋಟೋಗಳಿಗೆಲ್ಲ ಸಾಲುವುದಿಲ್ಲವೆಂದು ಗೊತ್ತಾದಾಗ ಚಿಕ್ಕಪ್ಪ ಒಂದು ಕಾನೂನು ಮಾಡಿದರು. ಎಲ್ಲರನ್ನೂ ಚಾಪೆಯ ಮೇಲೆ ಕೂರಿಸಿ ಒಂದೊಂದೇ ಫೋಟೋ ಎತ್ತಿ ತೋರಿಸುವುದು. ಅದರ ಬಗ್ಗೆ ಯಾರಿಗಾದರೂ ಏನಾದರೂ ಹೇಳುವುದಿದ್ದರೆ ಆಲ್ಬಮ್ಮಿಗೆ, ಇಲ್ಲದಿದ್ದರೆ ಲಕೋಟೆಗೆ. "ಮಾತಿಲ್ಲದ ಫೋಟೋಗೆ ಮೂಲೆ ಇಲ್ಲ."

ಹೀಗಾಗಿ ಸೋತದ್ದು ಅಪ್ಪನ ಫೋಟೋಗಳು. ಐಹೊಳೆಯ ದುರ್ಗ ಗುಡಿ, ಪಟ್ಟದಕಲ್ಲಿನ ವಿರೂಪಾಕ್ಷ, ಎಲ್ಲ ನೆಟ್ಟಗೆ, ಸ್ಪಷ್ಟವಾಗಿ ಬಂದಿದ್ದವು. "ಇದರಲ್ಲಿ ಏನಾಯ್ತು?" ಎಂದು ಚಿಕ್ಕಪ್ಪ ಕೇಳಿದರೆ ಅಪ್ಪ ಚಾಲುಕ್ಯರ ವಂಶಾವಳಿ ಶುರು ಮಾಡುತ್ತಿದ್ದರು. ಮೇಗುತಿ ಗುಡಿಯ ಗೋಡೆಯಲ್ಲಿ ರವಿಕೀರ್ತಿ 634ರಲ್ಲಿ ಬರೆಸಿದ ಶಾಸನದಲ್ಲಿ ಪುಲಕೇಶಿ ಹರ್ಷನನ್ನು ಸೋಲಿಸಿದ ವಿಷಯ ಇದೆ ಎಂದು ಹೇಳುತ್ತಿದ್ದರು. "ಅದು ಪುಸ್ತಕದಲ್ಲೂ ಇರತ್ತೆ ಅಣ್ಣ. ನೀವು ಹೋದಾಗ ಏನಾಯ್ತು?" ಅಪ್ಪ ಸುಮ್ಮನಾಗುತ್ತಿದ್ದರು. ಆಗ ಅಮ್ಮ, "ಮೇಗುತಿ ಹತ್ತುವಾಗ ನಿಮ್ಮಣ್ಣನ ಚಪ್ಪಲಿ ಕಿತ್ತೋಯ್ತು, ಬರಿಗಾಲಲ್ಲಿ ಇಳಿದ್ರು" ಎಂದರು. ಮೇಗುತಿಗೆ ನಾಲ್ಕು ಮೂಲೆ ಸಿಕ್ಕಿತು.

ಇನ್ನು ಆ ಕಪ್ಪು ಫೋಟೋ. ಬಿಜಾಪುರದ ಗೋಳಗುಮ್ಮಟ ಮಹಮ್ಮದ್ ಆದಿಲ್ ಶಾಹನ ಸಮಾಧಿ. ಸುಮಾರು 44 ಮೀಟರ್ ಅಗಲದ ಗುಮ್ಮಟ, ಅದರೊಳಗೆ ಸುತ್ತಲೂ ಮೊಗಸಾಲೆ, ಅಲ್ಲಿ ಕೂಗಿದ ದನಿ ಮತ್ತೆ ಮತ್ತೆ ತಿರುಗಿ ಬರುತ್ತದೆ. ಅಷ್ಟು ದೊಡ್ಡ ಕತ್ತಲೆಯಲ್ಲಿ ಪುಟ್ಟ ಕ್ಯಾಮೆರಾದ ಫ್ಲಾಶ್ ಏನು ಮಾಡೀತು? ಪ್ರಿಂಟಿನಲ್ಲಿ ಮೂಲೆಯಲ್ಲೆಲ್ಲೋ ತಮ್ಮನ ಬಿಳಿ ಅಂಗಿಯ ಚೂರು, ಉಳಿದದ್ದೆಲ್ಲ ಕಪ್ಪು. ಅಪ್ಪ ಅದನ್ನು ಎಸೆಯಲು ಹೊರಟರು. ಆದರೆ ಅದನ್ನು ಎತ್ತಿ ಹಿಡಿದದ್ದೇ ತಡ ಎಲ್ಲರಿಗೂ ಒಟ್ಟಿಗೆ ಮಾತು ಬಂತು. ಅಲ್ಲಿ ತಮ್ಮ ಶಿಳ್ಳೆ ಹೊಡೆದದ್ದು, ಅಪ್ಪ ಕೆಮ್ಮಿದ್ದು, ಆ ಕೆಮ್ಮು ತಿರುಗಿ ಬಂದಾಗ ಅಮ್ಮನಿಗೆ ನಗು ತಡೆಯಲಾಗದ್ದು. ಮತ್ತೆ ಅತ್ತೆ. ಅತ್ತೆ ಎಂದರೆ ಅಪ್ಪನ ಅಕ್ಕ, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು, ಮನೆಯಲ್ಲಿ ಗಟ್ಟಿಯಾಗಿ ಮಾತಾಡಿದ್ದನ್ನು ನಾವು ಕೇಳಿದವರಲ್ಲ. ಎಲ್ಲರೂ ಕೂಗಿ ಮುಗಿಸಿದ ಮೇಲೆ ಅವರು ಗೋಡೆಯ ಕಡೆ ಮುಖ ಮಾಡಿ ತಮ್ಮ ಹೆಸರನ್ನು ತಾವೇ ಕೂಗಿದರು. ಅದು ತಿರುಗಿ ತಿರುಗಿ ಬಂತು. ಯಾರ ಬಾಯಲ್ಲೂ ಕೇಳಿರದ ಹೆಸರು ಅದು. ನಮಗೆ ಅತ್ತೆ, ಅಪ್ಪನಿಗೆ ಅಕ್ಕ, ಊರಿಗೆ ಮೇಷ್ಟ್ರ ಅಕ್ಕ. ಚಿಕ್ಕಪ್ಪ ಆ ಕಪ್ಪು ಫೋಟೋಗೆ ಒಂದಿಡೀ ಪುಟ ಕೊಟ್ಟರು.

ಶೀರ್ಷಿಕೆಗಳನ್ನು ಅವರು ಪ್ರೆಸ್ಸಿನಲ್ಲೇ ಮೊಳೆ ಜೋಡಿಸಿ ಅಚ್ಚು ಹಾಕಿ ತಂದರು. ಲಗ್ನಪತ್ರಿಕೆಗೆ ಬಳಸುವ ದಪ್ಪ ಅಕ್ಷರ, ಸುತ್ತ ಬಳ್ಳಿಯ ಬಾರ್ಡರ್. 'ಬಾದಾಮಿ' ಎನ್ನುವುದು ಯಾವುದೋ ಮದುಮಗಳ ಹೆಸರಿನಂತೆ ಕಾಣುತ್ತದೆ. ಠ ಅಕ್ಷರದ ಒತ್ತು ಕೇಸಿನಲ್ಲಿ ಸವೆದುಹೋಗಿತ್ತು, ಹಾಗಾಗಿ ನಮ್ಮ ಆಲ್ಬಮ್ಮಿನಲ್ಲಿ ವಿಠ್ಠಲ ವಿಠಲನಾಗಿಯೇ ಇದ್ದಾನೆ. ವಿವರಗಳನ್ನು ಪ್ರೂಫ್ ಹಾಳೆಗಳ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದು ಫೋಟೋದ ಕೆಳಗೆ ಅಂಟಿಸಿದರು. ಫೋಟೋದ ಬೆನ್ನ ಮೇಲೆ ಬರೆಯಲು ಬಿಡಲಿಲ್ಲ. ಬಣ್ಣದ ಫೋಟೋ ಕಾಗದಕ್ಕೆ ಎರಡೂ ಬದಿ ತೆಳುವಾದ ಪ್ಲಾಸ್ಟಿಕ್ ಪದರ ಇರುತ್ತದೆ. ಸಾಧಾರಣ ಪೆನ್ಸಿಲ್ ಅದರ ಮೇಲೆ ಹತ್ತುವುದಿಲ್ಲ. ಬಾಲ್ ಪೆನ್ನಿನಿಂದ ಒತ್ತಿ ಬರೆದರೆ ಮುಖದ ಮೇಲೆ ಉಬ್ಬು ಮೂಡುತ್ತದೆ, ಇಂಕ್ ಆರದಿದ್ದರೆ ಮುಂದಿನ ಫೋಟೋಗೆ ಮೆತ್ತುತ್ತದೆ.

ತೆಗೆಯದ ಫೋಟೋಗಳ ಜಾಗಕ್ಕೆ ಚೀಟಿಗಳು ಬಂದವು. ಅಮ್ಮನ ಖರ್ಚಿನ ಪುಸ್ತಕದಿಂದ ಬನಶಂಕರಿಯ ರೊಟ್ಟಿ ಊಟದ ಲೆಕ್ಕವಿದ್ದ ಹಾಳೆಯನ್ನೇ ಕತ್ತರಿಸಿ ಅಂಟಿಸಿದರು. ಮೂಲೆಯಲ್ಲಿ ಎಣ್ಣೆಯ ಕಲೆ ಇದೆ. ಬಸ್ ಟಿಕೆಟ್‌ಗಳು, ಕಂಡಕ್ಟರ್ ತೂತು ಹೊಡೆದ ತೆಳು ಬಣ್ಣದ ಚೀಟಿಗಳು, ಎಲ್ಲದರ ಮೇಲೂ ಕರ್ನಾಟಕ ರಾಜ್ಯ ರಸ್ತೆ ಸಾರಿಗೆಯ ಹೆಸರೇ. ಹುಬ್ಬಳ್ಳಿ ಕಡೆಗೆ ಬೇರೆ ಸಂಸ್ಥೆ ಆದದ್ದು 1997ರಲ್ಲಿ. ರೈಲಿನ ಟಿಕೆಟ್ ಆಗ ಗಟ್ಟಿ ರಟ್ಟಿನದು. ಹಾಗೇ ಅಂಟಿಸಿದರೆ ಪುಟ ಉಬ್ಬುತ್ತದೆಂದು ಚಿಕ್ಕಪ್ಪ ನೆನೆಸಿ, ಅಚ್ಚಿರುವ ಮುಖದ ಪದರವನ್ನಷ್ಟೇ ಎಬ್ಬಿಸಿ ಒಣಗಿಸಿದರು. ಗದಗದಿಂದ ಬಾದಾಮಿ ದಾಟಿ ಬಿಜಾಪುರಕ್ಕೆ ಹೋಗುತ್ತಿದ್ದ ಆ ಮೀಟರ್ ಗೇಜ್ ಹಳಿ ಇವತ್ತು ಇಲ್ಲ, ಬ್ರಾಡ್ ಗೇಜ್ ಆಗಿದೆ. ಟಿಕೆಟ್ಟಿನ ಚರ್ಮ ಮಾತ್ರ ನಮ್ಮ ಹತ್ತಿರ ಇದೆ.

ಹಂಪಿಯ ಪುಟಗಳಿಗೆ ಬಂದಾಗ ಚಿಕ್ಕಪ್ಪ ಕೇಳಿದ ಒಂದು ಪ್ರಶ್ನೆಗೆ ಯಾರ ಹತ್ತಿರವೂ ಉತ್ತರವಿರಲಿಲ್ಲ. ಕಲ್ಲಿನ ರಥದ ಮುಂದೆ ನಾವೆಲ್ಲ ನಿಂತ ಫೋಟೋ. ಅದನ್ನು ಬಹಳ ಹೊತ್ತು ನೋಡಿ, "ಮೇಲೆ ಯಾಕೆ ಬೋಳು? ರಥ ಅಂದ್ಮೇಲೆ ಮೇಲೆ ಏನಾದ್ರೂ ಇರ್ಬೇಕಲ್ಲ. ನಮ್ಮೂರ ತೇರು ಹೀಗಿರುತ್ತಾ?" ಎಂದರು. ಅದು ಹಾಗೇ ಇರೋದು ಎಂದು ಅಪ್ಪ ಹೇಳಿದ್ದು ಅವರಿಗೆ ಒಪ್ಪಿಗೆಯಾಗಲಿಲ್ಲ. ಚೀಟಿಯಲ್ಲಿ 'ಮೇಲ್ಭಾಗ?' ಎಂದು ಬರೆದು, ಕೆಳಗೆ ಎರಡು ಗೆರೆ ಖಾಲಿ ಬಿಟ್ಟರು.

ಉತ್ತರ ಸಿಕ್ಕಿದ್ದು ಎಷ್ಟೋ ವರ್ಷಗಳ ಮೇಲೆ, ಒಂದು ಪುಸ್ತಕದಲ್ಲಿ. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ 1856ರಲ್ಲಿ ಹಂಪಿಗೆ ಬಂದು, ಮೇಣ ಹಚ್ಚಿದ ದೊಡ್ಡ ಕಾಗದಗಳನ್ನೇ ನೆಗೆಟಿವ್ ಮಾಡಿಕೊಂಡು ಫೋಟೋ ತೆಗೆದಿದ್ದ. 1983ರಲ್ಲಿ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ತೆಗೆದರು. ಇಬ್ಬರ ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟು ಜಾರ್ಜ್ ಮಿಚೆಲ್ ಸಂಪಾದಿಸಿದ ಪುಸ್ತಕ 2008ರಲ್ಲಿ ಬಂತು. ಗ್ರೀನ್‌ಲಾ ಚಿತ್ರದಲ್ಲಿ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವಿದೆ! ಆಮೇಲೆ ಅದು ಹೋಯಿತು. 2017ರಲ್ಲಿ ಬಂದ ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿರುವುದೂ ಬೋಳು ರಥವೇ. ಗ್ರೀನ್‌ಲಾ ಚಿತ್ರ ನೋಡಿದ ದಿನ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಆಗ ಅವರು ಪ್ರೆಸ್ಸಿನ ಕೆಲಸ ಬಿಟ್ಟು ಮನೆಯಲ್ಲಿದ್ದರು. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. "ನಾನು ಅವತ್ತೇ ಕೇಳ್ಲಿಲ್ವೇನೇ ಪುಟ್ಟಿ? ಜಾಗ ಬಿಟ್ಟಿದೀನಿ, ಬರೆದಾಕು" ಎಂದರು. ಬರೆದು ಹಾಕಿದೆ. ಹಂಪಿಗೆ ಒಮ್ಮೆಯೂ ಹೋಗದ ಬೈಂಡರ್ ಒಬ್ಬರು ಊರ ತೇರನ್ನು ಅಳತೆಗೋಲಾಗಿಟ್ಟುಕೊಂಡು ಕೇಳಿದ ಪ್ರಶ್ನೆ, ಅಲ್ಲೇ ನಿಂತು ನೋಡಿದ ನಮಗೆ ಯಾರಿಗೂ ಹೊಳೆದಿರಲಿಲ್ಲ.

ಅದರ ಮುಂದಿನ ಪುಟದಲ್ಲಿ ವಿರೂಪಾಕ್ಷ ಗುಡಿಯ ಗೋಪುರದ ಫೋಟೋ. ತೀರಾ ಕೆಟ್ಟದಾಗಿ ಬಂದಿದೆ. ಗೋಪುರದ ತುದಿ ಕತ್ತರಿಸಿದೆ, ಎಡಗಡೆ ಅರ್ಧ ಭಾಗ ಟೀ ಅಂಗಡಿಯೇ ತುಂಬಿಕೊಂಡಿದೆ. ಕಲ್ಲಿನ ಮಂಟಪದ ಕಂಬಗಳ ನಡುವೆ ಗೋಡೆ ಎಬ್ಬಿಸಿ, ತಗಡು ಇಳಿಬಿಟ್ಟು ಮಾಡಿದ ಅಂಗಡಿ. ಚೀಟಿಯಲ್ಲಿ ಹೀಗಿದೆ: 'ಅತ್ತಿಗೆಗೆ ತಲೆನೋವು. ಈ ಅಂಗಡಿಯಲ್ಲಿ ಟೀ ಕುಡಿದ ಮೇಲೆ ಹೋಯಿತು.' 2011ರಲ್ಲಿ ಹಂಪಿ ಬಜಾರಿನ ಆ ಅಂಗಡಿ, ಮನೆಗಳನ್ನೆಲ್ಲ ಕೆಡವಿ ಮಂಟಪಗಳನ್ನು ಖಾಲಿ ಮಾಡಿಸಿದರು. ಸ್ಮಾರಕ ಉಳಿಸಲು ಬೇಕಿತ್ತೆಂದು ಕೆಲವರು, ಅಲ್ಲಿ ಬದುಕಿದ್ದವರನ್ನು ಬೀದಿಗೆ ತಂದರೆಂದು ಕೆಲವರು. ನನ್ನ ತೀರ್ಮಾನ ಎರಡನೆಯವರ ಕಡೆಗೆ ವಾಲುತ್ತದೆ, ಅದಕ್ಕೆ ಅಮ್ಮನ ತಲೆನೋವೂ ಒಂದು ಕಾರಣ ಇರಬಹುದು. ಗೋಪುರದ ಒಳ್ಳೆಯ ಫೋಟೋ ಬೇಕೆಂದರೆ ಎಲ್ಲಿಯಾದರೂ ಸಿಗುತ್ತದೆ. ಆ ಟೀ ಅಂಗಡಿಯದು ನಮ್ಮ ಹತ್ತಿರ ಬಿಟ್ಟು ಬೇರೆಲ್ಲಿದೆಯೋ.

ಕಪ್ಪು ಹಾಳೆಯ ಆಲ್ಬಮ್ಮಿನಲ್ಲೂ ಬಣ್ಣಗಳು ಇದ್ದ ಹಾಗೇ ಇಲ್ಲ. ಹಂಪಿಯ ಆಕಾಶದ ನೀಲಿ ಮಾಸಿ ಮುಖಗಳೆಲ್ಲ ಕೊಂಚ ಕೆಂಪಾಗಿವೆ. ಬಣ್ಣದ ಫೋಟೋದಲ್ಲಿರುವುದು ವರ್ಣದ್ರವ್ಯ, ಕತ್ತಲೆಯಲ್ಲಿಟ್ಟರೂ ಅದು ಸವೆಯುತ್ತದೆ. ಅಜ್ಜ ಅಜ್ಜಿಯ ಕಪ್ಪು ಬಿಳುಪು ಫೋಟೋದಲ್ಲಿರುವುದು ಬೆಳ್ಳಿ, ಅದು ಗಟ್ಟಿಗ. ಇದಕ್ಕೆ ಚಿಕ್ಕಪ್ಪನ ಕೈಯಲ್ಲೂ ಉಪಾಯವಿರಲಿಲ್ಲ. ಪೆನ್ಸಿಲಿನ ಅಕ್ಷರ ಮಾತ್ರ ಬರೆದ ದಿನ ಇದ್ದಂತೆಯೇ ಇದೆ.

ಹೋದ ಬೇಸಿಗೆಯಲ್ಲಿ ತಮ್ಮನ ಮಗಳು ಫೋನಿನಲ್ಲಿದ್ದ ಕೊಡಗಿನ ಫೋಟೋಗಳನ್ನು ಆಲ್ಬಮ್ ಮಾಡಬೇಕೆಂದಳು. ಸ್ಟಿಕ್ಕರು, ಹೊಳೆಯುವ ಟೇಪು, ಬಣ್ಣದ ಪೆನ್ನು ಎಲ್ಲ ತರಿಸಿಕೊಂಡಿದ್ದಳು. ಯಾವುದನ್ನೂ ಬೇಡ ಎನ್ನಲಿಲ್ಲ, ಚಾಪೆ ಹಾಸಿದೆ. ಒಂದೊಂದೇ ಫೋಟೋ ತೋರಿಸಿ ಏನಾಯ್ತು ಹೇಳು ಎಂದೆ. ಅಬ್ಬಿ ಜಲಪಾತದ ಫೋಟೋಗಳೆಲ್ಲ ಉದುರಿಹೋದವು, ಕಾರಿನಲ್ಲಿ ವಾಂತಿ ಮಾಡಿಕೊಂಡ ತಿರುವಿನ ಫೋಟೋ ಉಳಿಯಿತು. ಬಸ್ಸಿನ ಟಿಕೆಟ್ ಒಂದನ್ನು ಅಂಟಿಸಲು ಹೋದಾಗ ಮಾತ್ರ ತಡೆದೆ. ಈಗಿನ ಯಂತ್ರದ ಟಿಕೆಟ್ ಶಾಖಕ್ಕೆ ಮೂಡುವ ಅಚ್ಚು, ಕೆಲವೇ ವರ್ಷಗಳಲ್ಲಿ ಬಿಳಿ ಚೀಟಿಯಾಗಿಬಿಡುತ್ತದೆ. ಅದರ ಜೆರಾಕ್ಸ್ ಅಂಟಿಸಿದೆವು.

ಅಂಟು ಹಾಳೆ, ಪ್ಲಾಸ್ಟಿಕ್ ಪರದೆಯ ಆಲ್ಬಮ್ ನಿಮ್ಮ ಮನೆಯಲ್ಲೂ ಇರಬಹುದು. ಎಂಬತ್ತು ತೊಂಬತ್ತರ ದಶಕದ ಮದುವೆ, ಪ್ರವಾಸಗಳೆಲ್ಲ ಇರುವುದು ಅದರಲ್ಲೇ. ಇದ್ದರೆ ಇನ್ನು ತಡ ಮಾಡಬೇಡಿ. ಪರದೆಯನ್ನು ಮೆಲ್ಲಗೆ ಎತ್ತಿ, ಮೊದಲು ಪ್ರತಿ ಪುಟವನ್ನೂ ಇದ್ದ ಹಾಗೇ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಆಮೇಲೆ ಗಟ್ಟಿ ಹೊಲಿಗೆ ದಾರವನ್ನು ಎರಡು ಕೈಯಲ್ಲಿ ಬಿಗಿಯಾಗಿ ಹಿಡಿದು, ಫೋಟೋದ ಬೆನ್ನಿಗೆ ತೂರಿಸಿ, ಗರಗಸ ಎಳೆದಂತೆ ಅತ್ತಿಂದಿತ್ತ ಎಳೆಯುತ್ತ ಹೋಗಿ. ನಿಧಾನಕ್ಕೆ ಬಿಟ್ಟುಕೊಳ್ಳುತ್ತದೆ. ಬಿಡದಿದ್ದರೆ ಬಲವಂತ ಬೇಡ, ಹಾಳೆ ಸಮೇತ ಫೋಟೋದ ಅಂಚಿಗೆ ಕತ್ತರಿಸಿ ಎತ್ತಿಡಿ.